ತುರಿಸದ ತುರಿಚೆ: ಹೊಲಿಗೆ ಮೆಷಿನ್ ಪಕ್ಕದ ಪಿಲಿಯಾಗಳು

ಪೆಟ್ಟಿಗೆಯಲ್ಲಿ ಬಂದ ಗಿಡದ ಕುತ್ತಿಗೆಗೆ ಒಂದು ಪ್ಲಾಸ್ಟಿಕ್ ಚೀಟಿ ಕಟ್ಟಿದ್ದರು. ದೊಡ್ಡದಾಗಿ 'ಪಿಲಿಯಾ' ಅಂತ, ಅದರ ಕೆಳಗೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ 'ಉರ್ಟಿಕೇಸಿ' ಅಂತ. ಕುತೂಹಲಕ್ಕೆ ಫೋನಿನಲ್ಲಿ ಹುಡುಕಿದೆ. ಉರ್ಟಿಕೇಸಿ ಅಂದರೆ ತುರಿಚೆ ಗಿಡದ ಕುಟುಂಬ! ಚಿಕ್ಕವಳಿದ್ದಾಗ ಚೆಂಡು ಹುಡುಕಲು ಹೋಗಿ ಎರಡು ಮೊಣಕಾಲಿಗೂ ತುರಿಚೆ ಸವರಿಸಿಕೊಂಡವಳು ನಾನು. ಆ ಉರಿ ಈಗಲೂ ನೆನಪಿದೆ. ಹಾಗಾಗಿ ಮೊದಲ ಎರಡು ದಿನ ಗ್ಲೌಸ್ ಹಾಕಿಕೊಂಡೇ ನೀರು ಹಾಕಿದೆ. ನನ್ನ ಜೊತೆ ಕಾಜಾ, ಹೆಮ್ಮಿಂಗ್ ಮಾಡುವ ಹುಡುಗಿ ನೋಡಿ, "ಏನಕ್ಕಾ, ಆಪರೇಷನ್ ಮಾಡ್ತಿದ್ದೀರಾ?" ಅಂತ ನಕ್ಕಳು. ಅವಳೇ ಬಂದು ಒಂದು ಎಲೆಯನ್ನು ಬೆರಳಲ್ಲಿ ಉಜ್ಜಿ ತೋರಿಸಿದಳು. ಏನೂ ಆಗಲಿಲ್ಲ.

ಆಗಬಾರದು ಕೂಡ. ತುರಿಚೆಯ ಒಂದೊಂದು ರೋಮವೂ ಒಂದು ಟೊಳ್ಳು ಸೂಜಿ. ತುದಿ ಗಾಜಿನ ಹಾಗೆ, ಸಿಲಿಕಾದ್ದು. ತಾಗಿದ ಕೂಡಲೇ ತುದಿ ಮುರಿಯುತ್ತದೆ, ಉಳಿದ ಭಾಗ ಚರ್ಮಕ್ಕೆ ಚುಚ್ಚಿ ಒಳಗಿನ ರಸವನ್ನು ಬಿಡುತ್ತದೆ. ಆ ರಸದಲ್ಲಿ ಹಿಸ್ಟಮಿನ್ ಮುಂತಾದವು ಇರುವುದರಿಂದ ಉರಿ. ಪಿಲಿಯಾಗೆ ಈ ಸೂಜಿಗಳೇ ಇಲ್ಲ. ಕೆಲವು ಜಾತಿಗಳಿಗೆ ಎಲೆ ಮೇಲೆ ರೋಮ ಇರುತ್ತದೆ, ಆದರೆ ಅದು ಸುಮ್ನೆ ಮೆತ್ತನೆಯ ನವಿರು ಅಷ್ಟೆ. ದಿನವಿಡೀ ಸೂಜಿ ಹಿಡಿದು ಬದುಕುವ ನನಗೆ, ಸೂಜಿ ಬಿಟ್ಟು ಬದುಕುವ ಈ ಕವಲು ಅವತ್ತೇ ಹಿಡಿಸಿತು.

ಇದೆಲ್ಲ ನಡೆದು ನಾಲ್ಕು ವರ್ಷವಾಯಿತು. ಹೊಲಿಗೆ ಮೆಷಿನ್ ಪಕ್ಕದ ಕಿಟಕಿಯಲ್ಲಿ ಈಗ ಪಿಲಿಯಾಗಳದ್ದೇ ರಾಜ್ಯ. ಸುಮಾರು ಆರು ನೂರಕ್ಕಿಂತ ಹೆಚ್ಚು ಜಾತಿ ಇರುವ, ತುರಿಚೆ ಕುಟುಂಬದಲ್ಲೇ ಅತಿ ದೊಡ್ಡದಾದ ಕುಲ ಇದು. ನನ್ನ ಕೈಗೆ ಬಂದದ್ದು ಐದೇ ಐದು. ಅವುಗಳಲ್ಲಿ ಯಾವುದು ಸಾಕಲು ಲಾಯಕ್ಕು, ಯಾವುದು ಬೇಡ ಅಂತ ಬರೆಯೋಣ ಅನ್ನಿಸಿತು. ಏಕೆಂದರೆ ಮಾರುವವರು ಎಲ್ಲಕ್ಕೂ 'ಸುಲಭದ ಗಿಡ' ಅನ್ನುವ ಒಂದೇ ಚೀಟಿ ಅಂಟಿಸಿ ಕಳಿಸುತ್ತಾರೆ. ಅದು ಸುಳ್ಳು.

ಮೊದಲನೆಯದು ಎಲ್ಲರಿಗೂ ಗೊತ್ತಿರುವ ದುಂಡೆಲೆಯ ಪಿಲಿಯಾ. ಪೂರ್ತಿ ಹೆಸರು ಪಿಲಿಯಾ ಪೆಪರೊಮಿಯಾಯ್ಡಿಸ್. ಚೈನೀಸ್ ಮನಿ ಪ್ಲಾಂಟ್ ಅಂತಲೂ ಮಾರುತ್ತಾರೆ. ಎಲೆ ಎಷ್ಟು ದುಂಡಗಿದೆ ಅಂದರೆ ಕೋಟಿನ ಗುಂಡಿ ನೆನಪಾಗುತ್ತದೆ. ಗುಂಡಿಯ ಹಾಗೇ, ದಾರ ಹೊಲಿಯುವ ಜಾಗವೂ ಒಳಗಡೆಯೇ. ಅಂದರೆ ತೊಟ್ಟು ಎಲೆಯ ಅಂಚಿಗೆ ಬಂದು ಸೇರುವುದಿಲ್ಲ, ಎಲೆಯ ಹಿಂಬದಿಗೆ, ಅಂಚಿನಿಂದ ಸ್ವಲ್ಪ ಒಳಗೆ ಸೇರುತ್ತದೆ. ಮೇಲಿನಿಂದ ನೋಡಿದರೆ ಆ ಜಾಗದಲ್ಲಿ ಒಂದು ತೆಳು ಬಣ್ಣದ ಚುಕ್ಕೆ ಕಾಣುತ್ತದೆ. ಟೇಪು ಹಿಡಿದು ಅಳೆದಿದ್ದೇನೆ, ನನ್ನ ಗಿಡದ ದೊಡ್ಡ ಎಲೆ ಎಂಟೂವರೆ ಸೆಂಟಿಮೀಟರ್ ಅಗಲ. ಮರಿಯ ಎಲೆ ಅಂಗಿ ಗುಂಡಿಯಷ್ಟು.

ಈ ಗಿಡದ ಗುಣ ಒಂದು, ಚಟ ಒಂದು. ಚಟ ಯಾವುದೆಂದರೆ ಬೆಳಕಿನ ಹುಚ್ಚು. ಕಿಟಕಿಯ ಕಡೆ ಇಡೀ ಗಿಡ ಕತ್ತು ಚಾಚುತ್ತದೆ. ಒಂದು ವಾರ ಮರೆತರೆ ಒಂದು ಪಕ್ಕ ಬೋಳು, ಇನ್ನೊಂದು ಪಕ್ಕ ದಟ್ಟ. ಭುಜದ ಅಳತೆ ತಪ್ಪಿದ ರವಿಕೆ ಹಾಗೆ ಕಾಣುತ್ತದೆ. ನಾನು ಸೋಮವಾರ ಮೆಷಿನ್‌ಗೆ ಎಣ್ಣೆ ಬಿಡುವಾಗ ಕುಂಡವನ್ನೂ ಕಾಲು ಸುತ್ತು ತಿರುಗಿಸುತ್ತೇನೆ. ಎರಡೂ ಒಟ್ಟಿಗೆ ನೆನಪಿರುತ್ತದೆ. ಬೆಳಕು ಬೇಕು ಅಂತ ನೇರ ಬಿಸಿಲಿಗೆ ಇಡಬೇಡಿ. ಒಮ್ಮೆ ಪರದೆ ಒಗೆಯಲು ತೆಗೆದಿದ್ದೆ. ಮಧ್ಯಾಹ್ನದ ಬಿಸಿಲು ನಾಲ್ಕು ದಿನ ನೇರ ಬಿತ್ತು ಅಷ್ಟೆ. ಐದು ಎಲೆಗಳ ಮೇಲೆ ಇಸ್ತ್ರಿ ಮರೆತು ಬಿಟ್ಟ ಹಾಗೆ ಕಂದು ಕಲೆ. ಆ ಕಲೆ ಮತ್ತೆ ಹೋಗಲಿಲ್ಲ, ಎಲೆಯೇ ಉದುರಿ ಹೋಗುವ ತನಕ ಇತ್ತು.

ಗುಣ ಅಂದರೆ ಮರಿ. ಬೇರಿನಿಂದ ಮಣ್ಣೊಳಗೇ ಹರಿದು ಹೋಗಿ, ತಾಯಿಯಿಂದ ಒಂದು ಗೇಣು ಆಚೆ ತಲೆ ಎತ್ತುತ್ತದೆ. ಕಾಂಡದ ಬುಡದಲ್ಲೂ ಬರುತ್ತದೆ. ಅಂಗೈಯ ಅರ್ಧ ಎತ್ತರ ಆಗುವ ತನಕ ಕಾಯಿರಿ. ಆಮೇಲೆ ಶುಭ್ರವಾದ ಚಾಕುವಿನಿಂದ, ಸ್ವಲ್ಪ ಬೇರು ಜೊತೆಗಿರುವ ಹಾಗೆ ಕತ್ತರಿಸಿ ತೆಗೆದು ಇನ್ನೊಂದು ಕುಂಡಕ್ಕೆ ಇಡಿ. ಬೇರು ಸಿಗದಿದ್ದರೂ ಚಿಂತೆ ಇಲ್ಲ, ನೀರಿನ ಲೋಟದಲ್ಲಿ ಇಟ್ಟರೆ ಕೆಲವು ವಾರಗಳಲ್ಲಿ ಬೇರು ಬಿಡುತ್ತದೆ. ಬಟ್ಟೆ ಕತ್ತರಿ ಮಾತ್ರ ಮುಟ್ಟಬೇಡಿ. ಇದನ್ನು ನಮ್ಮ ಹುಡುಗಿಗೆ ಮೂರು ಸಲ ಹೇಳಿದ್ದೇನೆ.

ಈ ಮರಿ ಹಾಕುವ ಗುಣದಿಂದಲೇ ಈ ಗಿಡ ಲೋಕ ಸುತ್ತಿದ್ದು. ಕಥೆ ಚೆನ್ನಾಗಿದೆ, ಸ್ವಲ್ಪ ನಿಲ್ಲಿ. ಇದರ ತವರು ನೈರುತ್ಯ ಚೀನಾದ ಬೆಟ್ಟಗಳು. ಜಾರ್ಜ್ ಫಾರೆಸ್ಟ್ ಅನ್ನುವ ಗಿಡ ಸಂಗ್ರಾಹಕ 1906ರಲ್ಲಿ, ಮತ್ತೆ 1910ರಲ್ಲಿ, ಯುನ್ನಾನ್ ಪ್ರಾಂತ್ಯದಲ್ಲಿ ಇದನ್ನು ಸಂಗ್ರಹಿಸಿದ. 1912ರಲ್ಲಿ ಡೀಲ್ಸ್ ಅನ್ನುವ ಜರ್ಮನ್ ಸಸ್ಯಶಾಸ್ತ್ರಜ್ಞ ಹೆಸರಿಟ್ಟ. ಆಮೇಲೆ ಒಣಗಿದ ಎಲೆ ಕಡತದಲ್ಲಿ ಮಲಗಿತು. ಇತ್ತ 1940ರ ದಶಕದ ನಡುವಿನಲ್ಲಿ ಆಗ್ನರ್ ಎಸ್ಪೆಗ್ರೆನ್ ಅನ್ನುವ ನಾರ್ವೆಯ ಮಿಷನರಿ ಚೀನಾ ಬಿಟ್ಟು ಊರಿಗೆ ಹೊರಟಾಗ ಈ ಗಿಡವನ್ನು ಜೊತೆಗೆ ತಂದ. ಮನೆಗೆ ಬಂದವರಿಗೆಲ್ಲ ಮರಿ ಕೊಟ್ಟ. ಅವರು ಇನ್ನೊಬ್ಬರಿಗೆ ಕೊಟ್ಟರು. ಹೀಗೆ ಅಡಿಗೆಮನೆ ಕಿಟಕಿಯಿಂದ ಅಡಿಗೆಮನೆ ಕಿಟಕಿಗೆ ಹೋಗುತ್ತಾ ನಾರ್ವೆ, ಸ್ವೀಡನ್ ತುಂಬಿಕೊಂಡು, ಇಂಗ್ಲೆಂಡಿಗೂ ಬಂತು. ತಮಾಷೆ ಏನೆಂದರೆ ಇದು ಯಾವ ಗಿಡ ಅಂತ ಯಾರಿಗೂ ಗೊತ್ತಿರಲಿಲ್ಲ! ಜನ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಎಲೆ ಕಳಿಸಿ 'ಇದೇನು?' ಅಂತ ಕೇಳುತ್ತಿದ್ದರು. ಬರೀ ಎಲೆ ನೋಡಿ ಅವರಿಗೂ ಬಗೆಹರಿಯಲಿಲ್ಲ. 1970ರ ದಶಕದ ಕೊನೆಯಲ್ಲಿ ಹೂವು ಸಿಕ್ಕ ಮೇಲೆ ಗುರುತು ಹತ್ತಿತು. ಚೀನಾದಿಂದ ಹೇಗೆ ಬಂತು ಅನ್ನುವುದು ಇನ್ನೂ ತಡವಾಗಿ, ಪತ್ರಿಕೆಯಲ್ಲಿ ಓದುಗರನ್ನು ಕೇಳಿದ ಮೇಲೆ ಒಂದೊಂದೇ ಕೊಂಡಿ ಹಿಡಿದು ಗೊತ್ತಾಯಿತು. ಯಾವ ನರ್ಸರಿಯೂ ಮಾರದೆ, ಯಾವ ಕ್ಯಾಟಲಾಗಿನಲ್ಲೂ ಇಲ್ಲದೆ, ಬರೀ ಕೈಯಿಂದ ಕೈಗೆ ದಾಟಿಯೇ ಅಷ್ಟು ದೂರ ಹೋದ ಗಿಡ ಇದು.

ಇದನ್ನು ಹೇಳಲು ಕಾರಣ ಇದೆ. ನಾನು ಮೂರು ದುಂಡೆಲೆ ಪಿಲಿಯಾ ಪಡೆದೆ. ಎರಡು ಪೆಟ್ಟಿಗೆಯಲ್ಲಿ ಬಂದವು, ಒಂದು ಕೈಯಲ್ಲಿ ಬಂತು.

ಪೆಟ್ಟಿಗೆಯ ಮೊದಲನೆಯದು ಆ ಚೀಟಿ ಕಟ್ಟಿದ್ದ ಗಿಡ. ಮಣ್ಣು ಒದ್ದೆ ಮುದ್ದೆಯಾಗಿತ್ತು. ಕುಂಡದೊಳಗೆ ಬೇರನ್ನು ಸ್ಪಂಜಿನ ತುಂಡಿನಲ್ಲಿ ಸುತ್ತಿಟ್ಟಿದ್ದರು, ಅದನ್ನು ನಾನು ತೆಗೆಯಲಿಲ್ಲ, ಇದೆಯೆಂದೇ ತಿಳಿದಿರಲಿಲ್ಲ. ಮೂರನೇ ವಾರಕ್ಕೆ ಎಲೆ ಜೋತು ಬಿತ್ತು. ಬಾಯಾರಿದೆ ಅಂದುಕೊಂಡು ಇನ್ನಷ್ಟು ನೀರು ಸುರಿದೆ. ಎಲ್ಲರೂ ಮಾಡುವ ತಪ್ಪು ಇದೇ. ನೀರು ಕಡಿಮೆಯಾದರೂ ಇದರ ಎಲೆ ಜೋಲುತ್ತದೆ, ಜಾಸ್ತಿಯಾದರೂ ಜೋಲುತ್ತದೆ. ವ್ಯತ್ಯಾಸ ತಿಳಿಯುವುದು ಬೆರಳಿಗೆ ಮಾತ್ರ. ಮಣ್ಣಿನೊಳಗೆ ಎರಡು ಗೆಣ್ಣು ಇಳಿಸಿ ನೋಡಿ. ಒಣಗಿದ್ದರೆ ಹಾಕಿ, ಒದ್ದೆ ಇದ್ದರೆ ಸುಮ್ಮನಿರಿ. ನಾನು ಇದನ್ನು ಕಲಿಯುವ ಹೊತ್ತಿಗೆ ಬುಡ ಕೊಳೆತು ಕೈಗೇ ಕಿತ್ತು ಬಂತು.

ಎರಡನೆಯದು ಬೇರೊಂದು ಕಡೆಯಿಂದ ತರಿಸಿದ್ದು. ಬಿಚ್ಚಿ ನೋಡಿದರೆ ಪಿಲಿಯಾನೇ ಅಲ್ಲ! ಎಲೆ ದುಂಡಗೇ ಇತ್ತು, ಆದರೆ ತುದಿಯಲ್ಲಿ ಒಂದು ಚಿಕ್ಕ ಮೂತಿ. ನೀರ ಹನಿಯ ಆಕಾರ. ದಪ್ಪ, ಹೊಳಪು. ಅದು ಪೆಪರೊಮಿಯಾ, ಕಾಳುಮೆಣಸಿನ ಕುಟುಂಬದ್ದು. 'ಪೆಪರೊಮಿಯಾಯ್ಡಿಸ್' ಅಂದರೆ 'ಪೆಪರೊಮಿಯಾ ಥರ ಇರುವುದು' ಅಂತಲೇ ಅರ್ಥ. ಹೆಸರಿಟ್ಟವನಿಗೇ ಹಾಗೆ ಕಂಡಿದ್ದರೆ ಪ್ಯಾಕ್ ಮಾಡುವವನನ್ನು ಏನು ಅನ್ನೋದು? ಆದರೆ ಫೋನ್ ಮಾಡಿದಾಗ ಬಂದ ಉತ್ತರ ಮಾತ್ರ ಸಿಟ್ಟು ಬರಿಸಿತು. "ಎರಡೂ ಒಂದೇ ಮೇಡಂ, ಅದೇ ಜಾತಿ." ಒಂದೇ ಅಲ್ಲಪ್ಪಾ, ಕುಟುಂಬವೇ ಬೇರೆ ಅಂದೆ. "ಎಲೆ ದುಂಡಗಿದೆ ಅಲ್ವಾ ಮೇಡಂ?" ಟೆರಿಕಾಟ್ ಕೊಟ್ಟು ಕಾಟನ್ ಅಂದರೆ ನಮ್ಮ ಗಿರಾಕಿಗಳು ಬಿಡುತ್ತಾರಾ? ಬದಲಿಸಿ ಕೊಡಲಿಲ್ಲ. ಪಾಪ, ಪೆಪರೊಮಿಯಾ ಚೆನ್ನಾಗಿಯೇ ಇದೆ. ಕೌಂಟರ್ ಮೇಲೆ ಇಟ್ಟಿದ್ದೇನೆ. ಆದರೆ ತರಿಸುವ ಮುಂಚೆ ನೀವು ಫೋಟೋದಲ್ಲಿ ಎರಡು ವಿಷಯ ನೋಡಿ. ಎಲೆ ತುದಿಯಲ್ಲಿ ಮೂತಿ ಇರಬಾರದು. ತೊಟ್ಟುಗಳು ಉದ್ದವಾಗಿ, ಒಂದೇ ಕಾಂಡದ ಸುತ್ತ ಛತ್ರಿ ಕಡ್ಡಿಗಳ ಹಾಗೆ ಹರಡಿರಬೇಕು.

ಮೂರನೆಯದನ್ನು ಕೊಟ್ಟವರು ಒಬ್ಬ ಟೀಚರ್. ಹತ್ತು ವರ್ಷದಿಂದ ನನ್ನಲ್ಲೇ ಹೊಲಿಸುತ್ತಾರೆ. ಸತ್ತ ಗಿಡದ ಕುಂಡ ನೋಡಿ, "ಯಾಕ್ರೀ, ಹೇಳಿದ್ರೆ ನಾನೇ ಕೊಡ್ತಿದ್ನಲ್ಲ" ಅಂದರು. ಮರುವಾರ ಅಳತೆ ರವಿಕೆಯ ಜೊತೆ, ಒದ್ದೆ ಕಾಗದದಲ್ಲಿ ಸುತ್ತಿದ ಮರಿ ತಂದರು. ನಾಲ್ಕೇ ಎಲೆ. ಅದರ ವಂಶವೇ ಈಗ ಕಿಟಕಿ ತುಂಬಾ ಇರುವುದು. ಹಾಗಾಗಿ ದುಂಡೆಲೆ ಪಿಲಿಯಾ ಬೇಕಿದ್ದವರಿಗೆ ನನ್ನ ಮಾತು ಇಷ್ಟೇ: ತರಿಸಬೇಡಿ, ಕೇಳಿ. ಇಟ್ಟುಕೊಂಡವರ ಹತ್ತಿರ ಮರಿ ಇದ್ದೇ ಇರುತ್ತದೆ, ಕೊಡಲು ಅವರಿಗೇ ಅವಸರ ಇರುತ್ತದೆ.

ಒಂದು ಮಾತು ಬಿಟ್ಟೆ. ಎಲೆಯ ಹಿಂಬದಿಯಲ್ಲಿ ಬಿಳಿ ಪುಡಿಯಂಥ ಚುಕ್ಕಿಗಳು ಕಂಡರೆ ಹುಳ ಅಂತ ಗಾಬರಿಯಾಗಬೇಡಿ. ಗಡಸು ನೀರಿನ ಖನಿಜ ಹಾಗೆ ಹೊರಗೆ ಬಂದು ಕೂರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಹತ್ತಿಯ ಹಾಗೆ ಎಳೆ ಎಳೆಯಾಗಿ, ತೊಟ್ಟಿನ ಸಂದಿಯಲ್ಲಿ ಇದ್ದರೆ ಅದು ಬಿಳಿ ತಿಗಣೆ. ಅದಕ್ಕೆ ಸ್ಪಿರಿಟ್ ಅದ್ದಿದ ಹತ್ತಿ.

ಇನ್ನು ಅಲ್ಯೂಮಿನಿಯಂ ಗಿಡ, ಪಿಲಿಯಾ ಕ್ಯಾಡಿಯೆರಿ. ವಿಯೆಟ್ನಾಮ್ ಕಡೆಯದು. ಹಸಿರು ಎಲೆಯ ಮೇಲೆ ನಾಲ್ಕು ಸಾಲು ಬೆಳ್ಳಿ ಪಟ್ಟೆ. ಮೊದಲ ಸಲ ನೋಡಿದಾಗ ಯಾರೋ ಬಣ್ಣ ಬಳಿದಿದ್ದಾರೆ ಅಂದುಕೊಂಡು ಉಗುರಿನಲ್ಲಿ ಕೆರೆದೆ. ಬಣ್ಣ ಅಲ್ಲ, ಗಾಳಿ. ಎಲೆಯ ಮೇಲ್ಪದರ ಅಲ್ಲಲ್ಲಿ ಕೆಳಗಿನ ಹಸಿರಿನಿಂದ ಬಿಟ್ಟುಕೊಂಡು ಉಬ್ಬಿರುತ್ತದೆ. ನಡುವಿನ ಗಾಳಿಗೆ ಬೆಳಕು ತಾಗಿ ಬೆಳ್ಳಿಯಾಗಿ ಹೊಳೆಯುತ್ತದೆ. ಲೈನಿಂಗ್ ಸರಿಯಾಗಿ ಕೂರದೆ ಮೇಲಿನ ಬಟ್ಟೆ ಉಬ್ಬಿದರೆ ನಮಗೆ ಬೈಗುಳ, ಇದಕ್ಕೆ ಮಾತ್ರ ಹೊಗಳಿಕೆ!

ಸಾಕುವುದು ಸುಲಭವೇ. ಆದರೆ ವರ್ಷ ತುಂಬುವ ಹೊತ್ತಿಗೆ ಕಾಂಡ ಉದ್ದವಾಗಿ, ಬುಡದ ಎಲೆ ಉದುರಿ, ತುದಿಯಲ್ಲಿ ಮಾತ್ರ ನಾಲ್ಕು ಎಲೆ ಉಳಿದು ಬಡಕಲಾಗುತ್ತದೆ. ಚಿಗುರು ಚಿವುಟುತ್ತಲೇ ಇರಬೇಕು. ಚಿವುಟಿದ್ದನ್ನು ನೀರಿಗೆ ಹಾಕಿದರೆ ಬೇರು ಬಿಡುತ್ತದೆ, ಅದನ್ನು ತಾಯಿಯ ಕುಂಡದಲ್ಲೇ ಬುಡಕ್ಕೆ ನೆಟ್ಟರೆ ಮತ್ತೆ ದಟ್ಟವಾಗುತ್ತದೆ. ತಿಂಗಳಿಗೊಮ್ಮೆ ಈ ಕೆಲಸ ಮಾಡುವ ತಾಳ್ಮೆ ಇದ್ದವರಿಗೆ ಮಾತ್ರ ಇದು. ಸೋಮಾರಿಗಳಿಗೆ ಅಲ್ಲ. ಮನೆಯಲ್ಲಿ ಬೆಕ್ಕು, ನಾಯಿ ಇದ್ದವರು ಧೈರ್ಯವಾಗಿ ಇಡಬಹುದು, ವಿಷವಲ್ಲ. ನಮ್ಮ ಬೆಕ್ಕು ಒಂದು ಕೊನೆಯನ್ನು ಪೂರ್ತಿ ಜಗಿದು ಉಗಿದಿದೆ. ಬೆಕ್ಕಿಗೆ ಏನೂ ಆಗಲಿಲ್ಲ, ಕೊನೆ ಹೋಯಿತು.

ಮೂನ್ ವ್ಯಾಲಿ ಅನ್ನುವ ತಳಿಯನ್ನು ನಾನು ಎರಡು ಸಲ ಕೊಂದೆ. ಚಂದಕ್ಕೆ ಮೊದಲ ಸ್ಥಾನ ಅದಕ್ಕೇ. ಎಲೆ ತುಂಬಾ ಗುಳಿ, ದಿಣ್ಣೆ, ಒಳ್ಳೆ ಕೌದಿ ಹೊಲಿಗೆ ಹಾಗೆ. ನರಗಳು ಕಂಚಿನ ಬಣ್ಣ, ಮುಟ್ಟಿದರೆ ನವಿರು. ಆದರೆ ಅದಕ್ಕೆ ಗಾಳಿಯಲ್ಲಿ ತೇವ ಬೇಕು. ನನ್ನ ಟೇಬಲ್ ಮೇಲೆ ದಿನವಿಡೀ ಫ್ಯಾನ್, ಪಕ್ಕದಲ್ಲೇ ಇಸ್ತ್ರಿ ಪೆಟ್ಟಿಗೆ. ಎಲೆಯ ಅಂಚು ಹಪ್ಪಳದಂತೆ ಒಣಗುತ್ತಾ ಹೋಯಿತು. ಎರಡನೇ ಸಲ ಗಾಜಿನ ಭರಣಿಯೊಳಗೆ ಇಟ್ಟೆ, ಅಲ್ಲಿ ಚೆನ್ನಾಗಿಯೇ ಇತ್ತು. ಮುಚ್ಚಳ ಹಾಕಿ ಹತ್ತು ದಿನ ಊರಿಗೆ ಹೋದೆ. ಬಂದು ನೋಡಿದರೆ ಬೂಷ್ಟು. ತಪ್ಪು ಗಿಡದ್ದಲ್ಲ. ಆದರೂ ಚೀಟಿಯ ಮೇಲೆ 'ಸುಲಭದ ಗಿಡ' ಅಂತ ಇತ್ತು ಅನ್ನುವುದನ್ನು ಮರೆಯಲಾರೆ.

ತೆವಳುವ ಜಾತಿ ಒಂದಿದೆ, ನುಮುಲಾರಿಫೋಲಿಯಾ. ತೂಗು ಕುಂಡಕ್ಕೆ ಪರವಾಗಿಲ್ಲ. ಗಂಟು ಮಣ್ಣಿಗೆ ತಾಗಿದ ಕಡೆಯೆಲ್ಲ ಬೇರು ಬಿಡುತ್ತದೆ. ಹೇಳಿಕೊಳ್ಳುವಂಥ ವಿಶೇಷ ನನಗೆ ಕಾಣಲಿಲ್ಲ.

ಐದನೆಯದನ್ನು ನಾನು ತರಿಸಲಿಲ್ಲ, ಯಾರೂ ಕೊಡಲಿಲ್ಲ. ಅಲ್ಯೂಮಿನಿಯಂ ಗಿಡದ ಕುಂಡದಲ್ಲಿ ತಾನೇ ಹುಟ್ಟಿತು. ಕಳೆ ಅಂತ ಕೀಳಲು ಹೋದೆ. ಎಲೆ ಸಾಸಿವೆಗಿಂತ ಸ್ವಲ್ಪ ದೊಡ್ಡದು, ಕಾಂಡ ನೀರು ತುಂಬಿದಂತೆ ಪಾರದರ್ಶಕ. ನೀವೂ ಒದ್ದೆ ಗೋಡೆ ಬುಡದಲ್ಲಿ, ಇಟ್ಟಿಗೆ ಸಂದಿಯಲ್ಲಿ ನೋಡಿರುತ್ತೀರಿ, ಹೆಸರು ಗೊತ್ತಿರುವುದಿಲ್ಲ. ಟೀಚರ್ ನೋಡಿದವರೇ, "ಅಯ್ಯೋ ಕೀಳ್ಬೇಡಿ ರೀ, ಅದೂ ಪಿಲಿಯಾನೇ" ಅಂದರು. ಪಿಲಿಯಾ ಮೈಕ್ರೊಫಿಲ್ಲಾ. ಅಮೆರಿಕದ ಉಷ್ಣ ಪ್ರದೇಶದಿಂದ ಹೊರಟು ಲೋಕದ ಬೆಚ್ಚಗಿನ ಜಾಗಗಳಿಗೆಲ್ಲ ಹರಡಿರುವ ಕಳೆ. ಇಂಗ್ಲಿಷಿನಲ್ಲಿ ಇದನ್ನು ಫಿರಂಗಿ ಗಿಡ ಅನ್ನುತ್ತಾರಂತೆ.

ಯಾಕೆ ಫಿರಂಗಿ ಅಂತ ಒಂದು ಬೆಳಿಗ್ಗೆ ಕಣ್ಣಾರೆ ನೋಡಿದೆ. ಬಾಬಿನ್‌ಗೆ ದಾರ ಸುತ್ತುತ್ತಾ ಕುಳಿತಿದ್ದೆ. ಕಿಟಕಿಯಿಂದ ಬಿಸಿಲು ಅಡ್ಡವಾಗಿ ಬೀಳುತ್ತಿತ್ತು. ಆ ಪುಟ್ಟ ಗಿಡದಿಂದ ಬೀಡಿ ಹೊಗೆಯಷ್ಟು ಒಂದು ಎಳೆ 'ಪುಸ್' ಅಂತ ಎದ್ದು ಕರಗಿತು. ಕಣ್ಣುಜ್ಜಿಕೊಂಡೆ. ಇನ್ನೊಂದು ಕಡೆಯಿಂದ ಮತ್ತೊಂದು. ಹೊಗೆಯಲ್ಲ, ಪರಾಗ. ಗಂಡು ಹೂವಿನ ಕೇಸರಗಳು ಮೊಗ್ಗಿನೊಳಗೆ ಸ್ಪ್ರಿಂಗಿನ ಹಾಗೆ ಒಳಕ್ಕೆ ಬಾಗಿ ಬಿಗಿಯಾಗಿ ಕುಳಿತಿರುತ್ತವೆ. ಮೊಗ್ಗು ಬಿಚ್ಚಿದ ಕ್ಷಣ ಪಟ್ಟನೆ ನೆಟ್ಟಗಾಗಿ ಪರಾಗವನ್ನು ಗಾಳಿಗೆ ಎಸೆಯುತ್ತವೆ. ಜೇನು, ಚಿಟ್ಟೆ ಯಾರ ಹಂಗೂ ಇಲ್ಲ, ಗಾಳಿ ಇದ್ದರೆ ಸಾಕು. ಅದಕ್ಕೇ ಹೂವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೆಣ್ಣು ಹೂವೂ ಕಡಿಮೆಯಿಲ್ಲ, ಬೀಜವನ್ನು ಚಿಮ್ಮಿ ಎಸೆಯುತ್ತದೆ. ಪಕ್ಕದ ಕುಂಡಗಳಲ್ಲೆಲ್ಲ ಇದು ಹುಟ್ಟುತ್ತಿರುವುದು ಯಾಕೆ ಅಂತ ಆಗ ಅರ್ಥವಾಯಿತು. ಹುಡುಗಿಯನ್ನು ಕರೆದೆ. ಅವಳು ಬರುವಷ್ಟರಲ್ಲಿ ನಿಂತಿತು. "ಅಕ್ಕಾ, ಕನ್ನಡಕ ಒರೆಸಿಕೊಳ್ಳಿ" ಅಂದಳು. ಅವಳಿಗೆ ತೋರಿಸಲು ಇನ್ನೂ ಒಂಬತ್ತು ದಿನ ಕಾಯಬೇಕಾಯಿತು.

ಕಳೆಯೇ ಆದರೂ, ಐದರಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟಿದ್ದು ಇದೇ. ಆದರೆ ಇದನ್ನು ತಂದು ಇಟ್ಟುಕೊಳ್ಳಿ ಅಂತ ಹೇಳಲಾರೆ. ಬಂದರೆ ಒಂದನ್ನು ಉಳಿಸಿ, ಮಿಕ್ಕಿದ್ದನ್ನು ಕೀಳಿ. ನಾನು ವಾರಕ್ಕೊಮ್ಮೆ ಕೀಳುತ್ತೇನೆ.

ಪಿಲಿಯಾ ಅನ್ನುವ ಹೆಸರು ಲ್ಯಾಟಿನ್ನಿನ 'ಪಿಲಿಯಸ್' ನಿಂದ ಬಂದದ್ದು. ಅಂದರೆ ಉಣ್ಣೆ ಬಡಿದು ಮಾಡಿದ ಫೆಲ್ಟ್ ಟೋಪಿ. ಬೀಜದ ಮೇಲೆ ಪುಷ್ಪಪತ್ರ ಟೋಪಿಯ ಹಾಗೆ ಕೂರುತ್ತದಂತೆ. ಟೀಚರ್ ಇದನ್ನು ಹೇಳಿದಾಗ, ದರ್ಜಿ ಅಂಗಡಿಗೆ ಸರಿಯಾದ ಗಿಡವೇ ಬಂದಿದೆ ಅಂತ ಇಬ್ಬರೂ ನಕ್ಕೆವು. ಇನ್ನೊಂದು ಸಂಬಂಧವೂ ಇದೆ. ರೇಮಿ ಬಟ್ಟೆ ಅಂತ ಬರುತ್ತದಲ್ಲ, ಲಿನನ್ ಥರದ್ದು, ಬೇಗ ಮುದುರುವಂಥದ್ದು? ಅದರ ನಾರು ತೆಗೆಯುವ ಗಿಡವೂ ತುರಿಚೆ ಕುಟುಂಬದ್ದೇ, ಅದೂ ತುರಿಸುವುದಿಲ್ಲ. ಆ ಬಟ್ಟೆ ಎಷ್ಟು ಹೊಲಿದಿದ್ದೇನೋ ಲೆಕ್ಕವಿಲ್ಲ, ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಅಂಕ ಕೊಡು ಅಂದರೆ ಕೊಡುತ್ತೇನೆ. ದುಂಡೆಲೆಗೆ ಐದಕ್ಕೆ ನಾಲ್ಕೂವರೆ, ಅರ್ಧ ಕಳೆದಿದ್ದು ಆ ಕತ್ತು ಚಾಚುವ ಚಟಕ್ಕೆ. ಅಲ್ಯೂಮಿನಿಯಂಗೆ ಮೂರು. ಮೂನ್ ವ್ಯಾಲಿಗೆ ಕೊಡುವ ಯೋಗ್ಯತೆ ನನಗಿಲ್ಲ. ಫಿರಂಗಿಗೆ ಅಂಕವೇ ಬೇಡ, ಅದು ಯಾರನ್ನೂ ಕೇಳಿ ಬಂದದ್ದಲ್ಲ. ದುಂಡೆಲೆಯನ್ನು ತಪ್ಪಾಗಿ ಕಳಿಸಿದವರಿಗೆ ಒಂದು, ಅದೂ ಪೆಪರೊಮಿಯಾ ಬದುಕಿದೆ ಅನ್ನುವ ಕಾರಣಕ್ಕೆ.

ಇನ್ನೊಂದು ಎಚ್ಚರಿಕೆ. ದುಂಡೆಲೆಯ ಒಂದು ಎಲೆ ಮುರಿದು ನೀರಿಗೆ ಹಾಕಿದರೆ ಗಿಡವಾಗುತ್ತದೆ ಅಂತ ವಿಡಿಯೋಗಳಲ್ಲಿ ತೋರಿಸುತ್ತಾರೆ. ತೊಟ್ಟಿನ ಬುಡದಲ್ಲಿ ಕಾಂಡದ ಒಂದು ಚೂರು ಅಂಟಿಕೊಂಡು ಬಂದಿದ್ದರೆ ಆಗಬಹುದು. ಬರೀ ಎಲೆ, ತೊಟ್ಟು ಆದರೆ ಇಲ್ಲ. ನಮ್ಮ ಹುಡುಗಿ ಕೇಳಲಿಲ್ಲ, ಉದುರಿದ ಒಂದು ಎಲೆಯನ್ನು ಕಾಫಿ ಲೋಟದಲ್ಲಿ ಇಟ್ಟಳು. ಎಂಟು ತಿಂಗಳಾಯಿತು. ಗೇಣುದ್ದ ಬೇರು ಬಂದಿದೆ, ಎಲೆ ಹಸಿರಾಗಿಯೇ ಇದೆ, ಗಿಡ ಮಾತ್ರ ಬಂದಿಲ್ಲ. ಅವಳಿಗೆ ಬೇರೆ ಮರಿ ಕೊಟ್ಟೆ, ಮನೆಗೆ ಒಯ್ದಳು. ಲೋಟದ ನೀರನ್ನು ಮಾತ್ರ ಇವತ್ತಿಗೂ ಅವಳೇ ಬದಲಿಸುತ್ತಾಳೆ.